ಕ್ಯಾಮರಾದ ಕಣಜ: ವೇಗದ ಮೆಮೊರಿ ಕಾರ್ಡನ್ನು ಆರಿಸುವ ಬಗೆ

ಮದುವೆಯ ಮಂಟಪದಲ್ಲಿ ಮುಹೂರ್ತ ಸಮೀಪಿಸಿದೆ. ಪುರೋಹಿತರು ಕೈಯೆತ್ತಿ ಸನ್ನೆ ಮಾಡಿದೊಡನೆ ಗಟ್ಟಿಮೇಳ ಮೊಳಗುತ್ತದೆ. ನಾಲ್ಕು ಕಡೆಯಿಂದಲೂ ಅಕ್ಷತೆ ಬೀಳತೊಡಗುತ್ತದೆ. ಛಾಯಾಗ್ರಾಹಕನು ಗುಂಡಿಯನ್ನು ಅದುಮಿ ಹಿಡಿದಿದ್ದಾನೆ. ನಾಲ್ಕಾರು ಸೆಕೆಂಡುಗಳ ಕಾಲ ಕ್ಯಾಮರಾ ಒಂದೇ ಸಮನೆ ಚಿತ್ರಗಳನ್ನು ಹಿಡಿಯುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಅದರ ಓಟ ಕುಂಟುತ್ತದೆ; ಗುಂಡಿಯನ್ನು ಎಷ್ಟು ಅದುಮಿದರೂ ಮೊದಲಿನ ಚುರುಕಿಲ್ಲ. ಮೂಲೆಯಲ್ಲೊಂದು ಪುಟ್ಟ ಕೆಂಪು ದೀಪ ಮಿನುಗುತ್ತ, ‘ತುಸು ತಾಳು, ಹಿಡಿದದ್ದನ್ನು ಇನ್ನೂ ಒಳಗಿಡುತ್ತಿದ್ದೇನೆ’ ಎನ್ನುತ್ತಿದೆ. ಆದರೆ ಮುಹೂರ್ತ ತಾಳುವುದಿಲ್ಲ. ತಾಳಿಯ ಮೂರು ಗಂಟುಗಳೂ ಬಿದ್ದುಹೋಗಿವೆ. ಕ್ಯಾಮರಾಕ್ಕಾಗಿ ಅವನ್ನು ಬಿಚ್ಚಿ ಮತ್ತೆ ಕಟ್ಟಿರೆಂದು ಹೇಳುವಂತಿಲ್ಲ.

ಇಲ್ಲಿ ಛಾಯಾಗ್ರಾಹಕನ ಕೈಯಲ್ಲಾಗಲಿ ಮಸೂರದಲ್ಲಾಗಲಿ ದೋಷವಿಲ್ಲ. ತೊಡಕಿರುವುದು ಕ್ಯಾಮರಾದ ಹೊಟ್ಟೆಯೊಳಗೆ ಸಿಕ್ಕಿಸಿದ ಒಂದು ತುಣುಕಿನಲ್ಲಿ. ೩೨ ಮಿಲಿಮೀಟರು ಉದ್ದ, ೨೪ ಮಿಲಿಮೀಟರು ಅಗಲ, ೨.೧ ಮಿಲಿಮೀಟರು ದಪ್ಪ ಇರುವ ಈ ತುಣುಕಿಗೆ ಎಸ್‌ಡಿ ಮೆಮೊರಿ ಕಾರ್ಡೆಂದು ಹೆಸರು. ಸಾವಿರಾರು ರೂಪಾಯಿ ಕೊಟ್ಟು ಕ್ಯಾಮರಾ ಕೊಳ್ಳುವವರು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಆದರೆ ಕಾರ್ಡಿನ ಮಾತು ಬಂದಾಗ ಅಂಗಡಿಯವನು ಕೊಟ್ಟದ್ದನ್ನು ತೆಗೆದುಕೊಂಡು ಬರುತ್ತಾರೆ. ಹಾಗೆ ಮಾಡುವುದು ಆಶ್ಚರ್ಯವೇನೂ ಅಲ್ಲ. ಬೆರಳಿನ ಅಗಲದ ಆ ಚೀಟಿಯ ಮೇಲೆ ಅಚ್ಚಾಗಿರುವ ಗುರುತುಗಳು ಪಂಚಾಂಗದ ಸಂಕೇತಗಳಿಗಿಂತ ಕಠಿನವಾಗಿವೆ. ಅವುಗಳ ಅರ್ಥವನ್ನು ತಿಳಿಯುವ ಮುನ್ನ, ಬರೆದಿಡುವ ಈ ಕೆಲಸ ಅಷ್ಟು ನಿಧಾನವೇಕೆ ಎಂಬುದನ್ನು ನೋಡೋಣ.

ಚಿತ್ರವನ್ನು ಹಿಡಿಯುವುದು ಬೇಗ, ಬರೆದಿಡುವುದು ತಡ ಎಂಬ ಈ ತೊಂದರೆ ಡಿಜಿಟಲ್ ಕ್ಯಾಮರಾದ ಜೊತೆಜೊತೆಗೇ ಹುಟ್ಟಿದುದು. ೧೯೭೫ರ ಡಿಸೆಂಬರಿನಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಕೋಡಾಕ್ ಸಂಸ್ಥೆಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರು ಫಿಲ್ಮಿಲ್ಲದ ಕ್ಯಾಮರಾವೊಂದನ್ನು ಜೋಡಿಸಿದರು. ಅದರ ಚಿತ್ರದಲ್ಲಿ ಅಡ್ಡಕ್ಕೆ ನೂರು, ಉದ್ದಕ್ಕೆ ನೂರು, ಒಟ್ಟು ಹತ್ತು ಸಾವಿರ ಚುಕ್ಕೆಗಳು ಮಾತ್ರ. ಅದೂ ಕಪ್ಪು ಬಿಳುಪು. ಬೆಳಕನ್ನು ಹಿಡಿಯಲು ಆ ಯಂತ್ರಕ್ಕೆ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ ಸಾಕಾಗುತ್ತಿತ್ತು. ಹಿಡಿದದ್ದನ್ನು ಹಾಡು ಕೇಳುವ ಕ್ಯಾಸೆಟ್ಟಿನಂಥ ಟೇಪಿನ ಮೇಲೆ ಬರೆಯಲು ಬೇಕಾಗುತ್ತಿದ್ದುದು ೨೩ ಸೆಕೆಂಡುಗಳು! ಇಂದು ಚುಕ್ಕೆಗಳು ಹತ್ತು ಸಾವಿರದಿಂದ ಎರಡು ಕೋಟಿ, ನಾಲ್ಕು ಕೋಟಿಗೆ ಏರಿವೆ. ಬರೆಯುವ ವೇಗವೂ ಅದರ ಹಿಂದೆ ಏದುಸಿರು ಬಿಡುತ್ತ ಓಡಿ ಬಂದಿದೆ. ಆದರೂ ಈ ಪಂದ್ಯದಲ್ಲಿ ಕಣ್ಣೇ ಯಾವಾಗಲೂ ಮುಂದೆ, ಕೈ ಹಿಂದೆ.

ಫಿಲ್ಮಿನ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಸೊಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಮೊದಲಾದವರು ನಮ್ಮ ಕಾಡುಗಳ ಪ್ರಾಣಿಪಕ್ಷಿಗಳನ್ನು ಫಿಲ್ಮಿನ ಮೇಲೆ ಹಿಡಿದಾಗ, ಆ ಫಿಲ್ಮೇ ಚಿತ್ರವನ್ನು ನೋಡುವ ಕಣ್ಣಾಗಿತ್ತು, ಅದೇ ಕೂಡಿಡುವ ಕಣಜವೂ ಆಗಿತ್ತು. ಬೆಳಕು ಬಿದ್ದ ಕ್ಷಣವೇ ಬರವಣಿಗೆ ಮುಗಿಯಿತು. ಅವರಿಗಿದ್ದ ಮಿತಿ ಬೇರೆ: ಒಂದು ಸುರುಳಿಗೆ ೩೬ ಚಿತ್ರ, ಮುಗಿದ ಮೇಲೆ ಕತ್ತಲಲ್ಲಿ ಬದಲಾಯಿಸಿದಷ್ಟೇ ಜಾಗರೂಕತೆಯಿಂದ ಹೊಸ ಸುರುಳಿ. ಡಿಜಿಟಲ್ ಕ್ಯಾಮರಾದಲ್ಲಿ ಕಣ್ಣು ಬೇರೆ, ಕಣಜ ಬೇರೆ. ಇವೆರಡರ ನಡುವಣ ಹಾದಿಯಲ್ಲಿಯೇ ನಮ್ಮ ತೊಂದರೆಗಳೆಲ್ಲ ಇರುವುದು.

ಮೆಮೊರಿ ಕಾರ್ಡಿನೊಳಗೆ ತಿರುಗುವ ಚಕ್ರವಾಗಲಿ ಚಲಿಸುವ ಸೂಜಿಯಾಗಲಿ ಇಲ್ಲ. ಇರುವುದು ಸಿಲಿಕಾನ್ ಚಿಪ್ಪುಗಳು. ಅವುಗಳಲ್ಲಿ ಕೋಟ್ಯನುಕೋಟಿ ಸೂಕ್ಷ್ಮ ಕೋಶಗಳು. ಒಂದೊಂದು ಕೋಶವನ್ನೂ ಬಾಗಿಲು ಕಿಟಕಿಗಳಿಲ್ಲದ ಕೋಣೆಯೆಂದು ಭಾವಿಸಿರಿ. ಸುತ್ತಲೂ ವಿದ್ಯುನ್ನಿರೋಧಕ ಗೋಡೆ. ಒಳಗೆ ಎಲೆಕ್ಟ್ರಾನುಗಳು ಸೇರಿಕೊಂಡರೆ ಹೊರಗೆ ಬರಲಾರವು. ವಿದ್ಯುತ್ತು ನಿಂತರೂ, ಕಾರ್ಡನ್ನು ಜೇಬಿನಲ್ಲಿ ಹಾಕಿಕೊಂಡು ತಿರುಗಿದರೂ ಅವು ಅಲ್ಲೇ ಇರುತ್ತವೆ. ಕೋಣೆಯಲ್ಲಿ ಎಲೆಕ್ಟ್ರಾನುಗಳಿವೆಯೇ ಇಲ್ಲವೇ ಎಂಬುದೇ ಅದರ ನೆನಪು. ಈ ಉಪಾಯವನ್ನು ೧೯೬೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಝೀ ಎಂಬ ವಿಜ್ಞಾನಿಗಳು ಕಂಡುಹಿಡಿದರು.

ಬಾಗಿಲೇ ಇಲ್ಲದ ಕೋಣೆಗೆ ಎಲೆಕ್ಟ್ರಾನು ನುಗ್ಗುವುದೆಂತು? ಇಲ್ಲಿ ನಿತ್ಯಜೀವನದ ತರ್ಕ ನಡೆಯುವುದಿಲ್ಲ. ಗೋಡೆ ಕೆಲವೇ ನ್ಯಾನೋಮೀಟರು ದಪ್ಪವಿದ್ದು, ಅದರ ಆಚೀಚೆ ಸಾಕಷ್ಟು ವೋಲ್ಟೇಜನ್ನು ಹಾಯಿಸಿದರೆ, ಎಲೆಕ್ಟ್ರಾನು ಗೋಡೆಯನ್ನು ಒಡೆಯದೆ, ಹಾರದೆ, ಅದರೊಳಗಿಂದಲೇ ಹಾಯ್ದುಹೋಗುತ್ತದೆ. ಕ್ವಾಂಟಮ್ ವಿಜ್ಞಾನವು ಇದನ್ನು ಸುರಂಗಪ್ರವೇಶವೆನ್ನುತ್ತದೆ. ಇದಕ್ಕೆ ಸುಮಾರು ೨೦ ವೋಲ್ಟು ಬೇಕು. ಕ್ಯಾಮರಾ ಕಾರ್ಡಿಗೆ ಕೊಡುವುದು ಮೂರು ಚಿಲ್ಲರೆ ವೋಲ್ಟು ಮಾತ್ರ. ಉಳಿದುದನ್ನು ಚಿಪ್ಪಿನೊಳಗಿನ ಪುಟ್ಟ ಏರ್ಪಾಡೊಂದು ಏತದಂತೆ ಮೇಲೆತ್ತಿ ಕೊಡುತ್ತದೆ. ಒಮ್ಮೆಲೇ ಬಲವಾಗಿ ನೂಕಿದರೆ ಎಲೆಕ್ಟ್ರಾನುಗಳು ಬೇಕಾದುದಕ್ಕಿಂತ ಹೆಚ್ಚಾಗಿ ತುಂಬಿಬಿಡಬಹುದು. ಆದುದರಿಂದ ಚಿಪ್ಪು ಸ್ವಲ್ಪ ನೂಕುತ್ತದೆ, ಎಷ್ಟು ತುಂಬಿತೆಂದು ನೋಡುತ್ತದೆ, ಮತ್ತೆ ಸ್ವಲ್ಪ ನೂಕುತ್ತದೆ, ಮತ್ತೆ ನೋಡುತ್ತದೆ. ಸೇರಿನಲ್ಲಿ ಎಣ್ಣೆ ಅಳೆಯುವವನು ಕೊನೆಯ ತೊಟ್ಟುಗಳನ್ನು ಬಿಡುವಾಗ ತೋರುವ ತಾಳ್ಮೆ ಇದು. ಬರೆಯುವುದು ಓದುವುದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಕಾಲವನ್ನು ತೆಗೆದುಕೊಳ್ಳುವುದು ಈ ಕಾರಣದಿಂದ. ಅಂಗಡಿಯಲ್ಲಿ ಮೋಸಹೋಗದಿರಲು ಈ ಒಂದು ಅಂಶವನ್ನು ಚೆನ್ನಾಗಿ ನೆನಪಿಟ್ಟಿರಬೇಕು.

ಅಳಿಸುವುದು ಇನ್ನೂ ನಿಧಾನ. ಸ್ಲೇಟಿನ ಮೇಲೆ ಒಂದು ಅಕ್ಷರ ತಪ್ಪಿದರೆ ಬೆರಳಿನಿಂದ ಅಷ್ಟನ್ನೇ ಒರಸಬಹುದಷ್ಟೆ. ಈ ಚಿಪ್ಪುಗಳಲ್ಲಿ ಹಾಗೆ ಮಾಡಲು ಬರುವುದಿಲ್ಲ. ಬರೆಯುವುದು ಒಂದೊಂದು ಪುಟವಾಗಿ, ಆದರೆ ಒರಸುವುದು ನೂರಾರು ಪುಟಗಳ ಇಡೀ ಪುಸ್ತಕವನ್ನೇ ಒಮ್ಮೆಗೆ. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೋ ಮಸುಓಕಾ ಅವರು ೧೯೮೪ರಲ್ಲಿ ಈ ಬಗೆಯ ಸ್ಮೃತಿಯನ್ನು ಪ್ರಕಟಿಸಿದರು. ಇಂದಿನ ಕಾರ್ಡುಗಳಲ್ಲಿರುವ ‘ನ್ಯಾಂಡ್’ ಎಂಬ ರೂಪವನ್ನು ೧೯೮೭ರಲ್ಲಿ ಹೊರತಂದರು. ಒಂದೇ ಏಟಿಗೆ ಅಷ್ಟೂ ಅಳಿಸಿಹೋಗುವುದನ್ನು ಕಂಡು ಅವರ ಸಹೋದ್ಯೋಗಿ ಶೋಜಿ ಅರಿಇಜುಮಿ ಅವರಿಗೆ ಕ್ಯಾಮರಾದ ಮಿಂಚುದೀಪ ನೆನಪಾಯಿತಂತೆ. ಅದಕ್ಕೇ ‘ಫ್ಲ್ಯಾಶ್’ ಎಂಬ ಹೆಸರನ್ನು ಸೂಚಿಸಿದರು. ಕ್ಯಾಮರಾದಿಂದ ಹೆಸರನ್ನು ಎರವಲು ಪಡೆದ ವಸ್ತು ಮುಂದೆ ಕ್ಯಾಮರಾದೊಳಗೇ ವಾಸಕ್ಕೆ ಬಂದುದು ಒಂದು ಸೋಜಿಗ.

ಕಡಮೆ ಬೆಲೆಯಲ್ಲಿ ಹೆಚ್ಚು ಜಾಗ ಕೊಡಬೇಕೆಂಬ ಪೈಪೋಟಿಯಲ್ಲಿ ತಯಾರಕರು ಮತ್ತೊಂದು ಯುಕ್ತಿಯನ್ನು ಹೂಡಿದ್ದಾರೆ. ಮೊದಲು ಕೋಣೆ ಖಾಲಿ ಅಥವಾ ತುಂಬಿದೆ ಎಂಬ ಎರಡೇ ಸ್ಥಿತಿಗಳಿದ್ದುವು. ಈಗ ಸಾಮಾನ್ಯ ಕಾರ್ಡುಗಳಲ್ಲಿ ಎಂಟು ಮಟ್ಟಗಳನ್ನು ಗುರುತಿಸುತ್ತಾರೆ. ಹೀಗೆ ಒಂದೇ ಕೋಶದಲ್ಲಿ ಮೂರು ಬಿಟ್ಟು ಹಿಡಿಸುತ್ತದೆ. ಹದಿನಾರು ಮಟ್ಟಗಳವೂ ಬಂದಿವೆ. ಅರ್ಧ ಲೋಟ, ಕಾಲು ಲೋಟವೆಂದು ಅಳೆಯುವುದಕ್ಕೂ ಒಂದೇ ಲೋಟದಲ್ಲಿ ಹದಿನಾರು ಗೆರೆಗಳನ್ನು ನೋಡಿ ಅಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ವಾಚಕರು ಊಹಿಸಬಲ್ಲರು. ಗೆರೆಗಳು ಹೆಚ್ಚಿದಷ್ಟೂ ಬರೆಯುವ ವೇಗ ಇಳಿಯುತ್ತದೆ. ಕೋಶದ ಆಯುಸ್ಸೂ ಕುಗ್ಗುತ್ತದೆ. ಈ ನಷ್ಟವನ್ನು ಮರೆಸಲು ಕೆಲವು ಕಾರ್ಡುಗಳು ಮೊದಲ ಒಂದಷ್ಟು ಭಾಗವನ್ನು ಎರಡೇ ಮಟ್ಟದಲ್ಲಿ ಸರಸರನೆ ಬರೆದುಕೊಂಡು, ಬಿಡುವಾದಾಗ ಒತ್ತೊತ್ತಾಗಿ ತುಂಬಿಡುತ್ತವೆ. ಅಂಥ ಕಾರ್ಡು ಪರೀಕ್ಷೆಯ ಮೊದಲ ನಿಮಿಷದಲ್ಲಿ ಕುದುರೆ, ಹತ್ತನೆಯ ನಿಮಿಷದಲ್ಲಿ ಎತ್ತು.

ಹಾಗಾದರೆ ಎಷ್ಟು ವೇಗ ಬೇಕು? ಇದಕ್ಕೆ ಉತ್ತರ ಕೊಡುವುದು ಅಂಗಡಿಯವನ ಕೆಲಸವಲ್ಲ; ಒಂದು ಕಾಗದ, ಒಂದು ಪೆನ್ಸಿಲು ಸಾಕು. ಶ್ರೀರಂಗಪಟ್ಟಣದ ಬಳಿ ರಂಗನತಿಟ್ಟಿನಲ್ಲಿ ದೋಣಿಯ ಮೇಲೆ ಕುಳಿತು, ನೀರಿಗೆ ಎರಗುವ ಮಿಂಚುಳ್ಳಿಯನ್ನು ಹಿಡಿಯಬೇಕೆಂದಿರುವ ಹವ್ಯಾಸಿಯೊಬ್ಬರ ಕ್ಯಾಮರಾವನ್ನು ತೆಗೆದುಕೊಳ್ಳೋಣ. ಅದರ ಚಿತ್ರದಲ್ಲಿ ೨೪೦ ಲಕ್ಷ ಚುಕ್ಕೆಗಳಿವೆ. ಕಚ್ಚಾ ರೂಪದಲ್ಲಿ ಒಂದೊಂದು ಚುಕ್ಕೆಗೂ ೧೪ ಬಿಟ್ಟುಗಳು. ಗುಣಿಸಿದರೆ ೩,೩೬೦ ಲಕ್ಷ ಬಿಟ್ಟುಗಳಾದುವು. ಎಂಟು ಬಿಟ್ಟಿಗೆ ಒಂದು ಬೈಟಿನಂತೆ ೪೨೦ ಲಕ್ಷ ಬೈಟು, ಎಂದರೆ ೪೨ ಮೆಗಾಬೈಟು. ನಷ್ಟವಿಲ್ಲದಂತೆ ಒತ್ತಿ ಅಡಕಮಾಡಿದರೆ ಇದು ಸುಮಾರು ೩೦ ಮೆಗಾಬೈಟಿಗೆ ಇಳಿಯುತ್ತದೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ ೧೦ ಚಿತ್ರಗಳಂತೆ ತೆಗೆದರೆ ಸೆಕೆಂಡಿಗೆ ೩೦೦ ಮೆಗಾಬೈಟು ಹರಿದುಬರುತ್ತದೆ.

ಇದನ್ನೆಲ್ಲ ಕಾರ್ಡು ತಕ್ಷಣ ನುಂಗಲಾರದು. ಆದುದರಿಂದ ಕ್ಯಾಮರಾದೊಳಗೆ ‘ಬಫರ್’ ಎಂಬ ಒಂದು ತಾತ್ಕಾಲಿಕ ತೊಟ್ಟಿಯಿದೆ. ಮೇಲಿನಿಂದ ದಪ್ಪ ಕೊಳಾಯಿಯಲ್ಲಿ ನೀರು ಸುರಿಯುತ್ತದೆ. ತಳದ ಕಿರಿದಾದ ತೂಬಿನಿಂದ ಕಾರ್ಡಿಗೆ ಇಳಿಯುತ್ತದೆ. ತೊಟ್ಟಿ ೧,೦೦೦ ಮೆಗಾಬೈಟಿನದೆಂದೂ, ಕಾರ್ಡು ಸೆಕೆಂಡಿಗೆ ೮೦ ಮೆಗಾಬೈಟನ್ನು ಬರೆದುಕೊಳ್ಳುವುದೆಂದೂ ಭಾವಿಸಿದರೆ, ತೊಟ್ಟಿಯಲ್ಲಿ ಪ್ರತಿ ಸೆಕೆಂಡಿಗೆ ೨೨೦ ಮೆಗಾಬೈಟು ನಿಲ್ಲುತ್ತದೆ. ನಾಲ್ಕೂವರೆ ಸೆಕೆಂಡಿನಲ್ಲಿ ತುಂಬಿ ತುಳುಕುತ್ತದೆ. ಅಲ್ಲಿಂದ ಮುಂದೆ ತೂಬಿನಿಂದ ಹೊರಟಷ್ಟಕ್ಕೆ ಮಾತ್ರ ಒಳಗೆ ಜಾಗ. ಸೆಕೆಂಡಿಗೆ ಹತ್ತಿದ್ದ ಚಿತ್ರಗಳು ಮೂರಕ್ಕಿಂತ ಕಡಮೆಯಾಗುತ್ತವೆ. ಬೆರಳು ತೆಗೆದ ಮೇಲೂ ತೊಟ್ಟಿ ಬರಿದಾಗಲು ಹನ್ನೆರಡೂವರೆ ಸೆಕೆಂಡು ಬೇಕು. ಮದುವೆಯ ಮಂಟಪದಲ್ಲಿ ನಡೆದುದು ಇದೇ.

ಅದೇ ಕ್ಯಾಮರಾಕ್ಕೆ ಸೆಕೆಂಡಿಗೆ ೨೪೦ ಮೆಗಾಬೈಟು ಬರೆಯುವ ಕಾರ್ಡನ್ನು ಹಾಕಿ ನೋಡಿರಿ. ಈಗ ತೊಟ್ಟಿಯಲ್ಲಿ ನಿಲ್ಲುವುದು ಸೆಕೆಂಡಿಗೆ ೬೦ ಮಾತ್ರ. ತುಂಬಲು ಹದಿನಾರು ಸೆಕೆಂಡಿಗೂ ಹೆಚ್ಚು ಕಾಲ ಹಿಡಿಯುತ್ತದೆ, ಬರಿದಾಗಲು ನಾಲ್ಕು ಸೆಕೆಂಡು ಸಾಕು. ವೇಗ ಮೂರು ಪಟ್ಟಾದರೆ ಓಟ ಸುಮಾರು ನಾಲ್ಕು ಪಟ್ಟು ಬೆಳೆಯಿತು! ಯಾವ ಮಿಂಚುಳ್ಳಿಯೂ ಹದಿನಾರು ಸೆಕೆಂಡು ನೀರಿಗೆ ಎರಗುತ್ತಿರುವುದಿಲ್ಲ. ಇದಕ್ಕೆ ವಿರುದ್ಧವಾದ ಪಾಠವೂ ಇದೇ ಲೆಕ್ಕದಲ್ಲಿದೆ. ಜೆಪೆಗ್ ರೂಪದ ಚಿತ್ರ ಹತ್ತು ಮೆಗಾಬೈಟಿನ ಆಸುಪಾಸಿನದು. ಮನೆಯ ಮಕ್ಕಳ, ಊರ ಜಾತ್ರೆಯ ಚಿತ್ರಗಳನ್ನು ಒಂದೊಂದಾಗಿ ತೆಗೆಯುವವರ ತೊಟ್ಟಿ ತುಂಬುವುದೇ ಇಲ್ಲ. ಅವರು ದುಬಾರಿಯ ಕಾರ್ಡನ್ನು ಕೊಂಡರೆ ಚಿತ್ರದ ಸೊಗಸು ಎಳ್ಳಷ್ಟೂ ಹೆಚ್ಚುವುದಿಲ್ಲ. ಕಾರ್ಡಿನ ವೇಗಕ್ಕೂ ಚಿತ್ರದ ಸ್ಫುಟತೆಗೂ ಸಂಬಂಧವಿದೆಯೆಂದು ಯಾರಾದರೂ ಹೇಳಿದರೆ ಅದು ವ್ಯಾಪಾರದ ಮಾತು.

ಚಲನಚಿತ್ರ ತೆಗೆಯುವವರ ಲೆಕ್ಕ ಬೇರೆ. ಅಲ್ಲಿ ತೊಟ್ಟಿಯ ಆಸರೆ ಇಲ್ಲವೆಂದೇ ಹೇಳಬೇಕು. ಗಂಟೆಗಟ್ಟಲೆ ಒಂದೇ ಸಮನಾಗಿ ಹರಿಯಬೇಕು, ಒಂದು ಕ್ಷಣ ತಡೆದರೂ ಚಿತ್ರಣ ನಿಂತುಹೋಗುತ್ತದೆ. ಕ್ಯಾಮರಾದ ಕೈಪಿಡಿಯಲ್ಲಿ ಈ ಹರಿವನ್ನು ಮೆಗಾಬಿಟ್ಟುಗಳಲ್ಲಿ ಕೊಟ್ಟಿರುತ್ತಾರೆ, ಕಾರ್ಡಿನ ಮೇಲೆ ಮೆಗಾಬೈಟುಗಳಲ್ಲಿ. ಇವೆರಡನ್ನೂ ಒಂದೇ ಎಂದು ತಿಳಿದು ಗಾಬರಿಗೊಳ್ಳುವವರುಂಟು. ಎಂಟರಿಂದ ಭಾಗಿಸಿದರಾಯಿತು. ಸೆಕೆಂಡಿಗೆ ೧೦೦ ಮೆಗಾಬಿಟ್ಟೆಂದರೆ ಹನ್ನೆರಡೂವರೆ ಮೆಗಾಬೈಟು ಮಾತ್ರ. ೪೦೦ ಎಂದರೆ ೫೦. ೬೦೦ ಎಂದರೆ ೭೫.

ಇನ್ನು ಕಾರ್ಡಿನ ಮೇಲಣ ಲಿಪಿಯನ್ನು ಓದೋಣ. ಎಲ್ಲಕ್ಕಿಂತ ದೊಡ್ಡದಾಗಿ, ಎದ್ದು ಕಾಣುವಂತೆ ಅಚ್ಚಾಗಿರುವ ಸಂಖ್ಯೆಯುಂಟಲ್ಲ, ‘೧೭೦’, ‘೨೦೦’, ‘೩೦೦’ ಎಂಬುದು, ಅದು ಹೆಚ್ಚಾಗಿ ಓದುವ ವೇಗ. ಅದೂ ಅತ್ಯಂತ ಅನುಕೂಲ ಪರಿಸ್ಥಿತಿಯಲ್ಲಿ. ಬರೆಯುವುದು ಓದುವುದಕ್ಕಿಂತ ಕಷ್ಟವೆಂದು ಮೇಲೆ ನೋಡಿದೆವು. ಆ ಕಡಮೆಯ ಸಂಖ್ಯೆಯನ್ನು ಪೊಟ್ಟಣದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಹುಡುಕಬೇಕು, ಕೆಲವೊಮ್ಮೆ ಅಲ್ಲಿಯೂ ಇರುವುದಿಲ್ಲ. ಹಳೆಯ ಕೆಲವು ಕಾರ್ಡುಗಳ ಮೇಲೆ ‘೬೩೩ ಪಟ್ಟು’ ಎಂಬರ್ಥದ ಗುರುತಿರುತ್ತದೆ. ಯಾವುದರ ಪಟ್ಟು? ಮೊದಲ ಕಾಂಪ್ಯಾಕ್ಟ್ ಡಿಸ್ಕಿನ ವೇಗವಾದ ಸೆಕೆಂಡಿಗೆ ೧೫೦ ಕಿಲೋಬೈಟಿನ ಪಟ್ಟು. ಲೆಕ್ಕ ಹಾಕಿದರೆ ಸುಮಾರು ೯೫ ಮೆಗಾಬೈಟು ಬರುತ್ತದೆ. ಇದೂ ಓದುವ ವೇಗವೇ.

ನಂಬತಕ್ಕ ಗುರುತುಗಳೆಂದರೆ ಕನಿಷ್ಠ ವೇಗವನ್ನು ಹೇಳುವಂಥವು. ವೃತ್ತಾಕಾರದ ‘ಸಿ’ ಅಕ್ಷರದೊಳಗೆ ೨, ೪, ೬ ಅಥವಾ ೧೦ ಎಂದಿದ್ದರೆ, ಸತತವಾಗಿ ಬರೆಯುವಾಗ ಸೆಕೆಂಡಿಗೆ ಅಷ್ಟು ಮೆಗಾಬೈಟಿಗಿಂತ ಕೆಳಗೆ ಇಳಿಯುವುದಿಲ್ಲವೆಂದು ಅರ್ಥ. ‘ಯು’ ಅಕ್ಷರದೊಳಗಣ ೧ ಎಂದರೆ ಹತ್ತು, ೩ ಎಂದರೆ ಮೂವತ್ತು. ೨೦೧೬ರಲ್ಲಿ ಬಂದ ‘ವಿ’ ಗುರುತು ಇನ್ನೂ ಸರಳ: ವಿ ೩೦, ವಿ ೬೦, ವಿ ೯೦ ಎಂದಿದ್ದರೆ ಅಷ್ಟಷ್ಟೇ ಮೆಗಾಬೈಟು. ಇವು ಚಲನಚಿತ್ರಕ್ಕಾಗಿ ಕೊಟ್ಟ ಭರವಸೆಗಳು. ಮೇಲಿನ ಲೆಕ್ಕದಂತೆ ೧೦೦ ಮೆಗಾಬಿಟ್ಟಿನ ಚಿತ್ರಣಕ್ಕೆ ವಿ ೩೦ ಧಾರಾಳ. ೪೦೦ಕ್ಕೆ ವಿ ೬೦, ೬೦೦ಕ್ಕೆ ವಿ ೯೦. ‘ಎ ೧’, ‘ಎ ೨’ ಎಂಬವು ಮೊಬೈಲು ಫೋನಿನಲ್ಲಿ ಚಿಕ್ಕಚಿಕ್ಕ ಕಡತಗಳನ್ನು ಅಲ್ಲಲ್ಲಿ ಹುಡುಕಿ ಬರೆಯುವ ಚುರುಕನ್ನು ಸೂಚಿಸುತ್ತವೆ. ಕ್ಯಾಮರಾದವರು ಅವಕ್ಕಾಗಿ ಒಂದು ಕಾಸನ್ನೂ ಹೆಚ್ಚು ಕೊಡಬೇಕಾಗಿಲ್ಲ.

ಕಾರ್ಡಿನ ಮೇಲೆ ಎಲ್ಲೋ ಮೂಲೆಯಲ್ಲಿ ಒಂದು ಅಥವಾ ಎರಡು ಎಂಬ ರೋಮನ್ ಅಂಕಿ ಕಾಣುತ್ತದೆ. ಹಲವರು ಲಕ್ಷಿಸದ ಈ ಗುರುತೇ ಕ್ಯಾಮರಾದವರಿಗೆ ಅತ್ಯಂತ ಮುಖ್ಯವಾದುದೆಂದು ನನ್ನ ಅಭಿಪ್ರಾಯ. ಇದು ಕಾರ್ಡಿಗೂ ಕ್ಯಾಮರಾಕ್ಕೂ ನಡುವಣ ರಸ್ತೆಯ ಅಗಲವನ್ನು ಹೇಳುತ್ತದೆ. ‘ಯುಎಚ್‌ಎಸ್ ಒಂದು’ ಎಂಬ ರಸ್ತೆಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ೧೦೪ ಮೆಗಾಬೈಟು ಸಾಗಬಲ್ಲುದು. ‘ಯುಎಚ್‌ಎಸ್ ಎರಡು’ ಎಂಬಲ್ಲಿ ೩೧೨. ಎರಡನೆಯ ಬಗೆಯ ಕಾರ್ಡನ್ನು ತಿರುವಿ ನೋಡಿದರೆ ಬಂಗಾರದ ಬಣ್ಣದ ಸಂಪರ್ಕಪಟ್ಟಿಗಳು ಒಂದರ ಕೆಳಗೊಂದು ಎರಡು ಸಾಲಾಗಿರುತ್ತವೆ. ಮೊದಲನೆಯದರಲ್ಲಿ ಒಂದೇ ಸಾಲು. ಇದನ್ನು ನೋಡಿ ತಿಳಿಯಲು ಓದುಬರಹ ಕೂಡ ಬೇಕಿಲ್ಲ. ಎರಡು ಸಾಲಿನ ಕಾರ್ಡು ಒಂದು ಸಾಲಿನ ಕ್ಯಾಮರಾದಲ್ಲಿಯೂ ಕೆಲಸ ಮಾಡುತ್ತದೆ, ಆದರೆ ಒಂದು ಸಾಲಿನ ವೇಗದಲ್ಲಿ. ಹೆಚ್ಚಿನ ಹಣ ವ್ಯರ್ಥ. ಆದುದರಿಂದ ಅಂಗಡಿಗೆ ಹೋಗುವ ಮುನ್ನ ಕ್ಯಾಮರಾದ ಕೈಪಿಡಿಯನ್ನು ತೆರೆದು, ಅದರ ಗೂಡು ಯಾವ ಬಗೆಯದೆಂದು ನೋಡಿಕೊಳ್ಳುವುದು ಅವಶ್ಯ.

ಇಲ್ಲಿ ಒಂದು ಸಂದೇಹ ಏಳಬಹುದು. ಒಂದು ಸಾಲಿನ ರಸ್ತೆಯ ಮಿತಿ ೧೦೪ ಆದರೆ, ಅಂಥ ಕೆಲವು ಕಾರ್ಡುಗಳ ಮೇಲೆ ೧೭೦, ೨೦೦ ಎಂದು ಬರೆದಿರುವುದೆಂತು? ತಯಾರಕರು ನಿಯಮಿತ ಮಿತಿಯನ್ನು ಮೀರಿ ಓಡುವ ತಮ್ಮದೇ ಒಂದು ಏರ್ಪಾಡನ್ನು ಕಲ್ಪಿಸಿದ್ದಾರೆ. ಅದು ನಡೆಯುವುದು ಆ ಏರ್ಪಾಡನ್ನು ಬಲ್ಲ ವಿಶೇಷ ಕಾರ್ಡ್ ರೀಡರಿನಲ್ಲಿ ಮಾತ್ರ. ಮನೆಗೆ ಬಂದು ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಅದರಿಂದ ಅನುಕೂಲವಿದೆ. ಕ್ಯಾಮರಾದೊಳಗೆ ಕಾರ್ಡು ಹಳೆಯ ೧೦೪ರ ಕಟ್ಟಿಗೇ ಒಳಪಡುತ್ತದೆ. ಇಂಥದೇ ಇನ್ನೊಂದು ತೊಡಕು ‘ಎಸ್‌ಡಿ ಎಕ್ಸ್‌ಪ್ರೆಸ್’ ಎಂಬ ೨೦೧೮ರ ಹೊಸ ಬಗೆಯದು. ಅದರ ವೇಗ ಅಗಾಧ. ಆದರೆ ಅದು ಎರಡನೆಯ ಸಾಲಿನ ಪಟ್ಟಿಗಳನ್ನು ಬೇರೆಯೇ ರೀತಿಯಲ್ಲಿ ಬಳಸುವುದರಿಂದ, ‘ಯುಎಚ್‌ಎಸ್ ಎರಡು’ ಕ್ಯಾಮರಾದಲ್ಲಿ ಹಾಕಿದರೆ ‘ಒಂದು’ ಎಂಬುದರ ಮಟ್ಟಕ್ಕೆ ಇಳಿದುಬಿಡುತ್ತದೆ. ಬೆಲೆ ಹೆಚ್ಚು, ಹೊಸತು ಎಂಬ ಕಾರಣಕ್ಕೆ ಕೊಂಡವರಿಗೆ ನಿರಾಶೆಯೇ ಗತಿ.

ದೊಡ್ಡ ಕ್ಯಾಮರಾಗಳಲ್ಲಿ ‘ಸಿಎಫ್ ಎಕ್ಸ್‌ಪ್ರೆಸ್’ ಎಂಬ ಬೇರೊಂದು ಕುಲದ ಕಾರ್ಡುಗಳಿವೆ. ಅವುಗಳ ‘ಎ’ ಬಗೆಯದರ ರಸ್ತೆ ಸೆಕೆಂಡಿಗೆ ಸುಮಾರು ೧,೦೦೦ ಮೆಗಾಬೈಟಿನದು, ‘ಬಿ’ ಬಗೆಯದು ೨,೦೦೦ದ್ದು. ಹೊಸ ಪೀಳಿಗೆಯಲ್ಲಿ ಇವು ಇಮ್ಮಡಿಯಾಗಿವೆ. ಒಂದರ ಗೂಡಿಗೆ ಮತ್ತೊಂದು ಹೋಗುವುದಿಲ್ಲ. ಅಂಥ ಕ್ಯಾಮರಾ ಇರುವವರಿಗೆ ಆಯ್ಕೆಯ ಪ್ರಶ್ನೆ ಕಡಮೆ, ಹಣದ ಪ್ರಶ್ನೆ ಹೆಚ್ಚು.

ಎರಡು ಗೂಡುಗಳಿರುವ ಕ್ಯಾಮರಾದವರು ಒಂದು ಎಚ್ಚರಿಕೆಯನ್ನು ವಹಿಸಬೇಕು. ಒಂದೇ ಚಿತ್ರವನ್ನು ಎರಡು ಕಾರ್ಡುಗಳಲ್ಲಿಯೂ ಬರೆಯುವಂತೆ ಏರ್ಪಡಿಸಿದರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಮದುವೆಯಂಥ ಕೆಲಸಕ್ಕೆ ಇದು ಅಗತ್ಯವೆಂದೇ ಹೇಳುತ್ತೇನೆ. ಆದರೆ ಜೋಡೆತ್ತಿನ ಗಾಡಿಯಂತೆ, ಇಬ್ಬರಲ್ಲಿ ನಿಧಾನವಾದುದರ ಹೆಜ್ಜೆಗೇ ಗಾಡಿ ಸಾಗುವುದು. ಮೊದಲ ಗೂಡಿನಲ್ಲಿ ಶೀಘ್ರಗಾಮಿಯನ್ನೂ ಎರಡನೆಯದರಲ್ಲಿ ಮನೆಯಲ್ಲಿ ಬಿದ್ದಿದ್ದ ಹಳೆಯದನ್ನೂ ಹಾಕಿ, ‘ಇಷ್ಟು ಹಣ ಕೊಟ್ಟರೂ ಕ್ಯಾಮರಾ ನಿಲ್ಲುತ್ತದಲ್ಲ’ ಎಂದು ದೂರುವವರನ್ನು ನಾನು ಕಂಡಿದ್ದೇನೆ. ಒಂದೇ ಬಗೆಯ ಎರಡನ್ನು ಕೊಳ್ಳುವುದು ಲೇಸು.

ಧಾರಣಶಕ್ತಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ೩೨ ಗಿಗಾಬೈಟಿನವರೆಗಿನವು ‘ಎಚ್‌ಸಿ’, ಅದರ ಮೇಲಿನವು ‘ಎಕ್ಸ್‌ಸಿ’. ೨೦೦೯ಕ್ಕಿಂತ ಹಿಂದಿನ ಹಳೆಯ ಕ್ಯಾಮರಾಗಳು ಎರಡನೆಯದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಂದೇ ಮಾಲಿಕೆಯಲ್ಲಿ ದೊಡ್ಡ ಕಾರ್ಡು ಕೆಲವೊಮ್ಮೆ ಚಿಕ್ಕದಕ್ಕಿಂತ ಬೇಗ ಬರೆಯುವುದುಂಟು, ಏಕೆಂದರೆ ಅದರೊಳಗೆ ಹೆಚ್ಚು ಚಿಪ್ಪುಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಹಾಗೆಂದು ಒಂದೇ ಭಾರಿ ಕಾರ್ಡಿನಲ್ಲಿ ಪ್ರವಾಸದ ಚಿತ್ರಗಳನ್ನೆಲ್ಲ ತುಂಬುವುದು ನನಗೆ ಸೇರದು. ಕಾಳನ್ನೆಲ್ಲ ಒಂದೇ ಹಗೇವಿನಲ್ಲಿ ತುಂಬಿದವನು ಆ ಹಗೇವಿಗೆ ನೀರು ಹೊಕ್ಕ ವರ್ಷ ಪಡುವ ಪಾಡನ್ನು ನಮ್ಮ ಬಯಲುಸೀಮೆಯವರು ಬಲ್ಲರು.

ಇಷ್ಟೆಲ್ಲ ಲೆಕ್ಕಾಚಾರವನ್ನೂ ಮಣ್ಣುಪಾಲು ಮಾಡುವ ವಸ್ತುವೊಂದಿದೆ: ನಕಲಿ ಕಾರ್ಡು. ಅಸಲಿ ಹೆಸರು, ಅಸಲಿ ಬಣ್ಣ, ಅಸಲಿ ಪೊಟ್ಟಣ. ಒಳಗೆ ಮಾತ್ರ ಬೇರೆ. ಕಾರ್ಡಿನೊಳಗೆ ಚಿಪ್ಪುಗಳ ಜೊತೆಗೆ ಅವುಗಳ ಲೆಕ್ಕವಿಡುವ ಒಬ್ಬ ಶಾನುಭೋಗನಿದ್ದಾನೆ. ಅವನಿಗೆ ಕಂಟ್ರೋಲರ್ ಎಂದು ಹೆಸರು. ‘ನಿನ್ನಲ್ಲಿ ಎಷ್ಟು ಜಾಗವಿದೆ?’ ಎಂದು ಕ್ಯಾಮರಾ ಕೇಳಿದಾಗ ಉತ್ತರ ಕೊಡುವವನು ಅವನು. ನಕಲಿಯಲ್ಲಿ ಚಿಪ್ಪಿರುವುದು ೮ ಗಿಗಾಬೈಟಿನದು. ಶಾನುಭೋಗನಿಗೆ ೧೨೮ ಎಂದು ಸುಳ್ಳು ಹೇಳಲು ಕಲಿಸಿರುತ್ತಾರೆ. ಮೊದಲ ಎಂಟು ಗಿಗಾಬೈಟಿನವರೆಗೆ ಎಲ್ಲವೂ ಸರಿಯಾಗಿರುತ್ತದೆ. ಅನಂತರ ಬಂದ ಚಿತ್ರಗಳನ್ನು ಅವನು ಹಳೆಯವುಗಳ ಮೇಲೆಯೇ ಬರೆಯುತ್ತಾನೆ, ಇಲ್ಲವೇ ಗಾಳಿಗೆ ತೂರುತ್ತಾನೆ. ಮೋಸ ಕೂಡಲೇ ಬಯಲಾಗುವುದಿಲ್ಲ, ಏಕೆಂದರೆ ಕಡತಗಳ ಹೆಸರಿನ ಪಟ್ಟಿ ಕಾರ್ಡಿನ ಆರಂಭದ ಭಾಗದಲ್ಲಿರುತ್ತದೆ; ಅದು ಭದ್ರವಾಗಿಯೇ ಉಳಿಯಬಹುದು. ಮನೆಗೆ ಬಂದು ನೋಡಿದರೆ ಸಾವಿರ ಚಿತ್ರಗಳ ಹೆಸರುಗಳೂ ಇವೆ, ತೆರೆದರೆ ಬೂದು ಬಣ್ಣದ ಚೌಕ. ಇದನ್ನು ಯಾವ ರಿಪೇರಿಯವನೂ ಮರಳಿ ತರಲಾರನು. ಬರೆಯದೇ ಇದ್ದುದನ್ನು ತೆಗೆಯುವುದೆಲ್ಲಿಂದ?

ಹೊಸ ಕಾರ್ಡು ೬೪ ಗಿಗಾಬೈಟೆಂದಿದ್ದು ಕಂಪ್ಯೂಟರು ೫೯ ಎಂದು ತೋರಿಸಿದರೆ ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು ೧,೦೨೪ರ ಲೆಕ್ಕದಲ್ಲಿ, ಅಷ್ಟೇ ವ್ಯತ್ಯಾಸ. ನಿಜವಾದ ಪರೀಕ್ಷೆ ಬೇರೆ. ಕಾರ್ಡಿನ ತುದಿಯವರೆಗೂ ಗೊತ್ತಾದ ಅಂಕಿಗಳನ್ನು ತುಂಬಿಸಿ, ಮತ್ತೆ ಮೊದಲಿಂದ ಓದಿ ತಾಳೆ ನೋಡಬೇಕು. ಈ ಕೆಲಸಕ್ಕೆ ‘ಎಚ್೨ಟೆಸ್ಟ್‌ಡಬ್ಲ್ಯೂ’, ‘ಎಫ್೩’ ಎಂಬ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ದೊಡ್ಡ ಕಾರ್ಡಿಗೆ ಒಂದೆರಡು ಗಂಟೆ ಹಿಡಿದರೂ ಚಿಂತೆಯಿಲ್ಲ. ಬರೆಯುವ ಸರಾಸರಿ ವೇಗವೂ ಅದೇ ಪರೀಕ್ಷೆಯಲ್ಲಿ ಹೊರಬೀಳುತ್ತದೆ. ಪೊಟ್ಟಣದ ಮಾತು ಎಷ್ಟು ನಿಜವೆಂದು ತಿಳಿಯಲು ಇದಕ್ಕಿಂತ ಸುಲಭೋಪಾಯ ಬೇರೊಂದಿಲ್ಲ. ಆದರೆ ಪರೀಕ್ಷೆಯ ರೀಡರು ಹಳೆಯದಾಗಿದ್ದರೆ ಅದರ ನಿಧಾನವನ್ನು ಕಾರ್ಡಿನ ತಲೆಗೆ ಕಟ್ಟಬಾರದು.

ಒಳ್ಳೆಯ ಕಾರ್ಡು ಕೂಡ ಕಾಲಕ್ರಮದಲ್ಲಿ ಮಂದವಾಗುವುದುಂಟು. ಒಂದೊಂದಾಗಿ ಚಿತ್ರಗಳನ್ನು ಅಳಿಸಿ, ಬಿಟ್ಟ ಸಂದುಗಳಲ್ಲಿ ಹೊಸದನ್ನು ತುರುಕುತ್ತ ಹೋದರೆ ಶಾನುಭೋಗನಿಗೆ ಇಡಿಯಾಗಿ ಒರಸಿದ ಸ್ಲೇಟು ಸಿಗುವುದಿಲ್ಲ. ಇದ್ದುದನ್ನು ಅಲ್ಲಿಂದಿಲ್ಲಿಗೆ ಸಾಗಿಸಿ ಜಾಗ ಮಾಡುವುದರಲ್ಲೇ ಅವನ ಹೊತ್ತು ಕಳೆಯುತ್ತದೆ. ಚಿತ್ರಗಳನ್ನು ಬೇರೆಡೆ ಎರಡು ಕಡೆ ನಕಲು ಮಾಡಿಕೊಂಡ ಮೇಲೆ ಕಾರ್ಡನ್ನು ಕ್ಯಾಮರಾದಲ್ಲಿಯೇ ಫಾರ್ಮ್ಯಾಟ್ ಮಾಡುವುದು ಒಳ್ಳೆಯ ಅಭ್ಯಾಸ. ವರ್ಷಗಟ್ಟಲೆ ಚಿತ್ರಗಳನ್ನು ಕಾರ್ಡಿನಲ್ಲಿಯೇ ಬಿಟ್ಟಿರುವುದೂ ಸರಿಯಲ್ಲ. ಕೋಣೆಯ ಗೋಡೆಗಳು ಎಷ್ಟೇ ಗಟ್ಟಿಯಾದರೂ ಎಲೆಕ್ಟ್ರಾನುಗಳು ಒಂದೊಂದಾಗಿ ಜಾರಿಹೋಗುತ್ತವೆ. ಸೆಕೆ ಹೆಚ್ಚಿದಷ್ಟೂ, ಕಾರ್ಡು ಸವೆದಷ್ಟೂ ಬೇಗ. ವಿಮಾನನಿಲ್ದಾಣದ ಕ್ಷ-ಕಿರಣ ಯಂತ್ರಕ್ಕೆ ಮಾತ್ರ ಹೆದರಬೇಕಾಗಿಲ್ಲ. ಆ ಭಯ ಫಿಲ್ಮಿನ ಕಾಲದ್ದು.

ಕಾರ್ಡಿನ ಪಕ್ಕದಲ್ಲಿ ಮೇಲೆ ಕೆಳಗೆ ಜಾರುವ ಒಂದು ಚಿಕ್ಕ ಬೀಗವಿದೆ. ಅದು ಕಾರ್ಡಿನ ಒಳಗಿನ ಯಾವುದಕ್ಕೂ ಸೇರಿದುದಲ್ಲ. ಅದು ಎಲ್ಲಿದೆಯೆಂದು ಗೂಡಿನ ಸ್ಪರ್ಶಕ ಮುಟ್ಟಿ ನೋಡಿ, ಬರೆಯಬೇಕೇ ಬೇಡವೇ ಎಂದು ಕ್ಯಾಮರಾ ತೀರ್ಮಾನಿಸುತ್ತದೆ. ‘ಕಾರ್ಡಿಗೆ ಬೀಗ ಬಿದ್ದಿದೆ’ ಎಂದು ಕ್ಯಾಮರಾ ಹಟ ಹಿಡಿದರೆ ಮೊದಲು ಅದನ್ನು ಮೇ‌ಲಕ್ಕೆ ಸರಿಸಿ ನೋಡಬೇಕು. ಅಕಸ್ಮಾತ್ತಾಗಿ ಚಿತ್ರಗಳು ಅಳಿಸಿಹೋದರೆ ಅದೇ ಬೀಗವನ್ನು ಕೆಳಕ್ಕೆಳೆದು, ಕಾರ್ಡನ್ನು ಹೊರತೆಗೆದು ಪಕ್ಕಕ್ಕಿಡಬೇಕು. ಅದರ ಮೇಲೆ ಇನ್ನೊಂದು ಚಿತ್ರವನ್ನೂ ತೆಗೆಯಬಾರದು. ಅಳಿಸಿದಾಗ ಸಾಮಾನ್ಯವಾಗಿ ಅಳಿಯುವುದು ಪಟ್ಟಿಯಲ್ಲಿನ ಹೆಸರು ಮಾತ್ರ. ಹೊಸದೇನೂ ಮೇಲೆ ಬೀಳದಿದ್ದರೆ, ಕಳೆದುದನ್ನು ಹುಡುಕಿಕೊಡುವ ತಂತ್ರಾಂಶಗಳಿಂದ ಬಹುಭಾಗವನ್ನು ಹಿಂದಕ್ಕೆ ಪಡೆಯುವ ಸಂಭವವುಂಟು.